ಟೀಪಾಯಿ ಮುರಿದ ಕಂಪನಿ

"ಬೆಳಿಗ್ಗೆ ನಿಮ್ಮನೇಲಿ ಏನೋ ಧಡಾರ್ ಅಂತಲ್ಲಪ್ಪಾ?" ಎಂದು ಬೇಲಿಯಾಚೆಯಿಂದ ಮೇಷ್ಟ್ರು ಕೇಳಿದಾಗ ನಾನು ಟೀಪಾಯಿಯ ಕಾಲೊಂದನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಮುಚ್ಚಿಡುವ ಹಾಗಿರಲಿಲ್ಲ. ನಮ್ಮ ಹುಡುಗ ದಿಂಬನ್ನು ತಬ್ಬಿಕೊಂಡು ದಿವಾನದ ಮೇಲಿಂದ ಟೀಪಾಯಿ ಮೇಲಕ್ಕೆ ಹಾರಿದ್ದ. ದಿಂಬು ಎದುರಾಳಿಯಂತೆ. ದಿಂಬಿಗೆ ಏನೂ ಆಗಲಿಲ್ಲ, ಹುಡುಗನಿಗೂ ಏನೂ ಆಗಲಿಲ್ಲ. ಮದುವೆಗೆ ಬಂದ ಟೀಪಾಯಿ ಮಾತ್ರ ನಡು ಮುರಿದುಕೊಂಡಿತು.

"ಆ ಟೀವಿ ಕುಸ್ತಿ ತಾನೆ? ಅದೂ ಒಂದು ಕುಸ್ತಿಯೇ! ನಾವು ದಸರಾದಲ್ಲಿ ನೋಡ್ತಿದ್ದೆವಲ್ಲ, ಅದು ಕುಸ್ತಿ. ಕೆಮ್ಮಣ್ಣಿನ ಮಟ್ಟಿ, ಬೆನ್ನು ನೆಲ ಮುಟ್ಟಿದರೆ ಚಿತ್, ಮನೆಗೆ ನಡಿ. ಇದು ಬರೀ ನಾಟಕ."

"ನಾಟಕವೇ ಮೇಷ್ಟ್ರೇ, ಯಾರು ಅಲ್ಲ ಅಂದರು? ಗೆಲ್ಲೋನು ಯಾರು, ಸೋಲೋನು ಯಾರು ಅಂತ ಮೊದಲೇ ಗೊತ್ತು ಮಾಡಿರ್ತಾರೆ. ಆದರೆ ನೀವು ಕುರುಕ್ಷೇತ್ರ ನಾಟಕಕ್ಕೆ ರಾತ್ರಿಯೆಲ್ಲ ನಿದ್ದೆಗೆಡ್ತಿದ್ದಿರಲ್ಲ, ದುರ್ಯೋಧನ ಗೆದ್ದರೂ ಗೆದ್ದಾನು ಅಂತಲೋ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ನಮ್ಮ ನುಗ್ಗೆಮರದ ಕೊಂಬೆಯೊಂದು ಬೇಲಿ ದಾಟಿ ಅವರ ಕಡೆ ಬಾಗಿದೆ. ಅದರಲ್ಲಿ ಎಷ್ಟು ಕಾಯಿ ಇದೆ ಅಂತ ಎಣಿಸತೊಡಗಿದರು. ಅವರು ಹೀಗೆ ಎಣಿಸಲು ನಿಂತರೆಂದರೆ, ಕಥೆ ಹೇಳಬಹುದು ಎಂದರ್ಥ.

ನಾವು ಚಿಕ್ಕವರಿದ್ದಾಗ ಟ್ರಂಪ್ ಕಾರ್ಡಿನ ಕಾಲ. ಎತ್ತರ ಎಷ್ಟು, ತೂಕ ಎಷ್ಟು, ಎದೆ ಸುತ್ತಳತೆ ಎಷ್ಟು ಅಂತ ಕಿತ್ತಾಡಿ ಒಬ್ಬರ ಕಾರ್ಡು ಒಬ್ಬರು ಗೆಲ್ಲುತ್ತಿದ್ದೆವು. ನಮ್ಮ ಪಾಲಿಗೆ ಭೂಮಿ ಮೇಲೆ ಇದ್ದದ್ದು ಒಂದೇ ಕಂಪನಿ, ವಿನ್ಸ್ ಮೆಕ್‌ಮೆಹನ್‌ನ ಡಬ್ಲ್ಯೂಡಬ್ಲ್ಯೂಎಫ್. ಅಮೆರಿಕದಲ್ಲಿ ಮೊದಲು ಹಾಗಿರಲಿಲ್ಲ. ಒಂದೊಂದು ಸೀಮೆಗೆ ಒಂದೊಂದು ಕುಸ್ತಿ ಕಂಪನಿ, ಒಬ್ಬರ ಗಡಿಯೊಳಗೆ ಇನ್ನೊಬ್ಬರು ಡೇರೆ ಹಾಕುವಂತಿಲ್ಲ. 1982ರಲ್ಲಿ ಅಪ್ಪನಿಂದ ಕಂಪನಿ ಕೊಂಡುಕೊಂಡ ಈ ಮಗರಾಯ ಆ ಕಟ್ಟುಪಾಡು ಮುರಿದು, ಕೇಬಲ್ ಟೀವಿ ಹಿಡಿದು ಊರೂರಿಗೂ ನುಗ್ಗಿದ. ತೊಂಬತ್ತರ ದಶಕ ಬರುವ ಹೊತ್ತಿಗೆ ದೊಡ್ಡವರೆಂದು ಉಳಿದದ್ದು ಇವನೊಬ್ಬ, ಅಟ್ಲಾಂಟಾದ ಟೆಡ್ ಟರ್ನರ್ ದುಡ್ಡಲ್ಲಿ ನಡೆಯುತ್ತಿದ್ದ ಡಬ್ಲ್ಯೂಸಿಡಬ್ಲ್ಯೂ ಇನ್ನೊಂದು.

ನಮ್ಮ ಟೀಪಾಯಿ ಮುರಿದದ್ದಕ್ಕೆ ಈ ಇಬ್ಬರೂ ಕಾರಣರಲ್ಲ. ಟೇಬಲ್ ಮೇಲೆ ಹಾರಿ ಅದನ್ನು ಎರಡು ಹೋಳು ಮಾಡುವುದೇ ಒಂದು ಹಬ್ಬ ಅಂತ ಜನಕ್ಕೆ ರುಚಿ ಹತ್ತಿಸಿದ್ದು ಫಿಲಡೆಲ್ಫಿಯಾದ ಒಂದು ಬಡ ಕಂಪನಿ, ಇಸಿಡಬ್ಲ್ಯೂ. 1992ರಲ್ಲಿ ಅದನ್ನು ಹುಟ್ಟುಹಾಕಿದ ಟಾಡ್ ಗೋರ್ಡನ್ ಒಡವೆ ಗಿರವಿ ಅಂಗಡಿಯವನು.

"ಗಿರವಿ ಅಂಗಡಿಯೋನಾ? ಹಾಗಾದರೆ ಲೆಕ್ಕ ಪಕ್ಕಾ ಇರಬೇಕು. ಸಂಬಳ ಸರಿಯಾಗಿ ಕೊಡ್ತಿದ್ನಾ?" ಮೇಷ್ಟ್ರು ಯಾವ ಕಥೆ ಹೇಳಿದರೂ ಮೊದಲು ಕೇಳುವುದು ಇದನ್ನೇ. ಸರ್ವಿಸ್ ಪೂರ್ತಿ ಬಾಕಿ ಬಿಲ್ಲಿಗಾಗಿ ಅಲೆದವರು.

"ಸಂಬಳದ ವಿಷಯ ಆಮೇಲೆ ಬರುತ್ತೆ, ಇರಿ."

ಕಂಪನಿಯ ರಂಗಮಂದಿರ ದಕ್ಷಿಣ ಫಿಲಡೆಲ್ಫಿಯಾದಲ್ಲಿ, ಸ್ವಾನ್ಸನ್ ಬೀದಿಯೂ ರಿಟ್ನರ್ ಬೀದಿಯೂ ಕೂಡುವಲ್ಲಿ, ಹೆದ್ದಾರಿ ಸೇತುವೆಯ ಮಗ್ಗುಲಲ್ಲೇ. ಮಂದಿರ ಅನ್ನುವುದು ಮರ್ಯಾದೆಯ ಮಾತು. ಅದೊಂದು ಗೋದಾಮು. ಬಾಕಿ ದಿನ ಅಲ್ಲಿ ಬಿಂಗೋ ಆಡಿಸುತ್ತಿದ್ದರು, ಕುಸ್ತಿಯ ದಿನ ಮಧ್ಯೆ ರಿಂಗ್ ಎದ್ದು ಸುತ್ತ ಮಡಚುವ ಕುರ್ಚಿಗಳು ಬೀಳುತ್ತಿದ್ದವು. ಹಿಡಿಸುತ್ತಿದ್ದದ್ದು ಸಾವಿರ ಚಿಲ್ಲರೆ ಜನ. ಆದರೆ ಎಂಥ ಜನ! ಮನೆಯಿಂದ ಬಾಣಲೆ ತಂದು ಕುಸ್ತಿಪಟುವಿನ ಕೈಗೆ ಕೊಟ್ಟು, "ತಗೋ, ಇದರಲ್ಲಿ ಹಾಕು" ಅನ್ನುವ ಜನ. ಯಾವ ತಾಯಿ ಮಾರನೆಯ ದಿನ ಆ ಬಾಣಲೆಯಲ್ಲಿ ಮೊಟ್ಟೆ ಹುರಿದಳೋ.

1993ರಲ್ಲಿ ಪಾಲ್ ಹೇಮನ್ ಎಂಬವನು ಇಲ್ಲಿ ಕಥೆ ಕಟ್ಟುವ ಕೆಲಸಕ್ಕೆ ನಿಂತ. ನ್ಯೂಯಾರ್ಕಿನವನು, ಮೂವತ್ತು ತುಂಬದ ಹುಡುಗ. ಅದಕ್ಕೆ ಮುಂಚೆ ಕುಸ್ತಿಪಟುಗಳ ಮ್ಯಾನೇಜರ್ ವೇಷದಲ್ಲಿ, ಇಟ್ಟಿಗೆಯಂಥ ಮೊಬೈಲ್ ಫೋನ್ ಹಿಡಿದು ಅದರಲ್ಲೇ ಎದುರಾಳಿಯ ತಲೆಗೆ ಕುಟ್ಟುತ್ತಿದ್ದ. ಅವನ ಸೂತ್ರ ಒಂದೇ: ಒಬ್ಬನಲ್ಲಿ ಏನಿದೆಯೋ ಅದನ್ನು ತೋರಿಸು, ಇಲ್ಲದ್ದನ್ನು ಮುಚ್ಚು. ರಾಗ ಬಾರದ ನಟನಿಗೆ ನಮ್ಮ ಕಂಪನಿ ಯಜಮಾನರು ಗಹಗಹಿಸಿ ನಗುವ ಯಮಧರ್ಮನ ಪಾತ್ರ ಕೊಡುತ್ತಿದ್ದರಲ್ಲ, ಹಾಗೆ. ಸ್ಯಾಂಡ್‌ಮನ್ ಎಂಬವನಿಗೆ ಪಟ್ಟು ಅಷ್ಟಕ್ಕಷ್ಟೆ. ಸರಿ, ಅವನನ್ನು ಜನರ ಮಧ್ಯದಿಂದಲೇ ಬರಮಾಡಿಸಿದ. ಮೆಟಾಲಿಕಾದವರ ಹಾಡು ಮೊಳಗುತ್ತಿರುವಾಗ ಅವನು ಬಿಯರ್ ಕುಡಿಯುತ್ತ, ಡಬ್ಬಿಯನ್ನು ಹಣೆಗೆ ಜಜ್ಜಿಕೊಳ್ಳುತ್ತ, ಕೈಯಲ್ಲಿ ಬೆತ್ತ ತಿರುಗಿಸುತ್ತ ಸಾವಕಾಶವಾಗಿ ಬರುತ್ತಿದ್ದ. ಜನಕ್ಕೆ ಆ ಪ್ರವೇಶವೇ ಊಟ. ಕುಸ್ತಿ ಉಪ್ಪಿನಕಾಯಿ.

"ಬೆತ್ತವೇ?" ಮೇಷ್ಟ್ರ ಕಿವಿ ನೆಟ್ಟಗಾಯಿತು.

ಬೆತ್ತವೇ. 1994ರಲ್ಲಿ ಸಿಂಗಪುರದಲ್ಲಿ ಅಮೆರಿಕದ ಹುಡುಗನೊಬ್ಬನಿಗೆ ಸರ್ಕಾರವೇ ಛಡಿ ಏಟು ಕೊಡಿಸಿ ಲೋಕವೆಲ್ಲ ಗದ್ದಲವಾಗಿತ್ತು. ಪತ್ರಿಕೆಯಲ್ಲಿ ಕಂಡದ್ದು ಅದೇ ವರ್ಷ ಬಿಂಗೋ ಹಾಲ್‌ಗೆ ಬಂತು. ಟಾಮಿ ಡ್ರೀಮರ್ ಎಂಬ ಒಳ್ಳೆ ಹುಡುಗನಿದ್ದ. ಲಕ್ಷಣವಾಗಿದ್ದಾನೆ ಅನ್ನುವುದೊಂದೇ ತಪ್ಪಿಗೆ ಫಿಲಡೆಲ್ಫಿಯಾದವರು ಅವನನ್ನು ಕಂಡರೆ ಉರಿದು ಬೀಳುತ್ತಿದ್ದರು. ಸೋತವನಿಗೆ ಹತ್ತು ಛಡಿ ಏಟು ಅಂತ ಪಣ. ಸೋತ. ಅಂಗಿ ಬಿಚ್ಚಿ ಬೆನ್ನು ಕೊಟ್ಟ. ಬಾಸುಂಡೆ ನಿಜವಾದದ್ದು. ಪ್ರತಿ ಏಟಿಗೂ ಇನ್ನೊಂದು ಕೊಡಿ ಎಂದು ಕೇಳಿ ಹತ್ತನ್ನೂ ತಿಂದ. ಬೈಯಲು ಬಂದವರು ಚಪ್ಪಾಳೆ ತಟ್ಟಿ ಹೋದರು, ಅವತ್ತಿನಿಂದ ಅವನು ಅವರ ಮನೆಮಗ. ಗೆದ್ದು ಸಿಗದೆ ಇದ್ದದ್ದು ಸೋತು ಸಿಕ್ಕಿತು. ನಾಟಕ ಎಂದರೆ ನಾಟಕ, ಆದರೆ ಬೆನ್ನು ಯಾರದು?

"ಛಡಿ ಏಟು ತಿಂದ ಹುಡುಗರೇ ಮುಂದೆ ನಮಸ್ಕಾರ ಹೇಳೋದು," ಎಂದರು ಮೇಷ್ಟ್ರು. ಇದನ್ನು ನಾನು ಒಪ್ಪುವುದಿಲ್ಲ, ಆದರೆ ಬೇಲಿ ಮಾತಲ್ಲಿ ಎಲ್ಲವನ್ನೂ ಎತ್ತಿಕೊಂಡರೆ ಕಥೆ ಮುಂದೆ ಹೋಗುವುದಿಲ್ಲ.

ಆ ವರ್ಷದ ಆಗಸ್ಟ್‌ನಲ್ಲೇ ಇನ್ನೊಂದು ನಡೆಯಿತು. ಟೆರಿ ಫಂಕ್, ಕ್ಯಾಕ್ಟಸ್ ಜ್ಯಾಕ್ ಇಬ್ಬರ ಕಾಳಗದ ನಡುವೆ ಪಬ್ಲಿಕ್ ಎನಿಮಿ ಎಂಬ ಜೋಡಿ ನುಗ್ಗಿತು. ಇವರಿಗೆ ಬಡಿಯಲು ಒಂದು ಕುರ್ಚಿ ಕೊಡ್ರಪ್ಪಾ ಅಂತ ರಿಂಗಿನಿಂದ ಕೂಗು ಹೋಯಿತು. ಒಬ್ಬ ಪುಣ್ಯಾತ್ಮ ಕೂತಿದ್ದ ಕುರ್ಚಿ ಎತ್ತಿ ಎಸೆದ. ಪಕ್ಕದವನು ತನ್ನದೂ ಇರಲಿ ಅಂದ. ಆಮೇಲೆ ಕುರ್ಚಿಗಳ ಮಳೆ. ನೂರಾರು ಕಬ್ಬಿಣದ ಕುರ್ಚಿಗಳು ದೀಪದ ಬೆಳಕಲ್ಲಿ ತಿರುಗುತ್ತ ಬಂದು ಬಿದ್ದು, ಆ ಜೋಡಿ ಅದರಡಿ ಕಾಣದಾಯಿತು. ನಿಲ್ಲಿಸಿ, ನಿಲ್ಲಿಸಿ ಅಂತ ಮೈಕಿನಲ್ಲಿ ಅಂಗಲಾಚಿದರೂ ಕೇಳುವವರಿಲ್ಲ. ದೊಡ್ಡ ಕಂಪನಿಯಲ್ಲಾಗಿದ್ದರೆ ಪೊಲೀಸರು ಬಂದು ಟೇಪು ಕಪಾಟು ಸೇರುತ್ತಿತ್ತು. ಹೇಮನ್ ಅದನ್ನೇ ಮತ್ತೆ ಮತ್ತೆ ಟೀವಿಯಲ್ಲಿ ಹಾಕಿದ.

ಎರಡು ವಾರ ಕಳೆದು ಆಗಸ್ಟ್ 27ಕ್ಕೆ, ಹಳೆಯ ಕುಸ್ತಿ ಒಕ್ಕೂಟವಾದ ಎನ್‌ಡಬ್ಲ್ಯೂಎಯ ಪಟ್ಟ ಗೆದ್ದ ಶೇನ್ ಡಗ್ಲಸ್ ಹಿಂದಿನ ಚಾಂಪಿಯನ್ನರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಆ ಬೆಲ್ಟನ್ನು ನೆಲಕ್ಕೆ ಬಿಸಾಡಿದ. ಒಕ್ಕೂಟದವರಿಗೆ ಇದರ ಸುಳಿವೇ ಇರಲಿಲ್ಲ. ಅಲ್ಲಿಯವರೆಗೆ ಹೆಸರಿನಲ್ಲಿ ಈಸ್ಟರ್ನ್ ಎಂದಿದ್ದದ್ದು ಆಮೇಲೆ ಎಕ್ಸ್‌ಟ್ರೀಮ್ ಆಯಿತು. ಅಕ್ಷರ ಅದೇ, ಬೋರ್ಡ್ ಬದಲಿಸುವ ಖರ್ಚೂ ಉಳಿಯಿತು.

ಅದೇ ಹೊತ್ತಿಗೆ ದೊಡ್ಡವರ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತೀರಿ? ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಒಬ್ಬ ಕುಸ್ತಿಪಟು ಕಸದ ಲಾರಿಯವನು, ಒಬ್ಬ ಸರ್ಕಸ್ ಬಫೂನ್, ಇನ್ನೊಬ್ಬ ಟೈ ಕಟ್ಟಿದ ಇನ್‌ಕಮ್ ಟ್ಯಾಕ್ಸ್ ಅಧಿಕಾರಿ. ಮಕ್ಕಳ ಟಿಫಿನ್ ಡಬ್ಬಿ ಮೇಲೆ ಅಂಟಿಸಬಹುದಾದ ಕುಸ್ತಿ. ಬೆಳೆದು ದೊಡ್ಡವರಾದ ಪ್ರೇಕ್ಷಕರು ಅರ್ಧರಾತ್ರಿ ಎದ್ದು ಈ ಬಿಂಗೋ ಹಾಲ್ ಕುಸ್ತಿ ನೋಡತೊಡಗಿದರು. ನೋಡಲು ಸಿಗದ ಊರಿನವರು ಟೇಪ್ ನಕಲು ಮಾಡಿಸಿ ಅಂಚೆಯಲ್ಲಿ ತರಿಸಿಕೊಂಡರು.

ಬರೀ ಬಡಿದಾಟ ಅಂದುಕೊಳ್ಳಬೇಡಿ. ಎಡ್ಡಿ ಗೆರೆರೊ, ಡೀನ್ ಮಲೆಂಕೊ ಎಂಬ ಇಬ್ಬರು ಕೈಯಲ್ಲಿ ಏನೂ ಇಲ್ಲದೆ ಪಟ್ಟಿಗೆ ಪಟ್ಟು ಹಾಕಿ ಅದೇ ಜನರನ್ನು ಸದ್ದಿಲ್ಲದೆ ಕೂರಿಸುತ್ತಿದ್ದರು. 1995ರ ಆಗಸ್ಟ್‌ನಲ್ಲಿ ಟರ್ನರ್ ಕಂಪನಿ ಇಬ್ಬರಿಗೂ ಬುಲಾವ್ ಕಳಿಸಿತು. ಕೊನೆಯ ರಾತ್ರಿ ಬಾಣಲೆ ತರುವ ಆ ಗಂಡಸರೆಲ್ಲ ಹೋಗಬೇಡಿ, ಹೋಗಬೇಡಿ ಅಂತ ಒಕ್ಕೊರಲಿಂದ ಕೂಗಿದರಂತೆ. ರಿಂಗಿನಲ್ಲಿದ್ದ ಇಬ್ಬರ ಕಣ್ಣಲ್ಲೂ ನೀರು. ನಾನು ಅದನ್ನು ಟೇಪಿನಲ್ಲೇ ನೋಡಿದವನು, ಆದರೂ ಹೇಳುತ್ತೇನೆ, ಅದು ಬರೆದುಕೊಟ್ಟ ಅಳುವಲ್ಲ. ಮೆಕ್ಸಿಕೊದ ಕುಸ್ತಿಯಲ್ಲಿ ಪಳಗಿದ ರೇ ಮಿಸ್ಟೀರಿಯೊ ಅದೇ ವರ್ಷ ಇಲ್ಲಿಗೆ ಬಂದ, ಸ್ಟೀವ್ ಆಸ್ಟಿನ್ ಕೆಲಸ ಕಳೆದುಕೊಂಡು ಇಲ್ಲಿಗೆ ಬಂದು ಮೈಕ್ ಹಿಡಿದು ಮಾತಾಡುವುದನ್ನು ಸಾಣೆ ಹಿಡಿದುಕೊಂಡ. ಅವರೂ ಹೋದರು. ಬಡವರ ಮನೆಯಲ್ಲಿ ಹದವಾದ ಮೇಲೆ ಸಾಹುಕಾರರ ಮನೆಯಲ್ಲಿ ಊಟ.

"ನಾಟಕ ಕಂಪನಿಗಳಲ್ಲೂ ಹೀಗೇ," ಮೇಷ್ಟ್ರು ತಲೆಯಾಡಿಸಿದರು. "ಒಳ್ಳೇ ರಾಜಾಪಾರ್ಟಿನವನನ್ನ ರಾತ್ರೋರಾತ್ರಿ ಹಾರಿಸ್ಕೊಂಡು ಹೋಗೋರು."

ರಕ್ತದ ಮಾತೂ ಹೇಳಲೇಬೇಕು. ದುಡ್ಡಿಲ್ಲದವನಿಗೆ ಬಂಡವಾಳ ಎಂದರೆ ಮೈ. ಸಾಬು ಎಂಬವನು ಹಗ್ಗದ ಬದಲು ಮುಳ್ಳುತಂತಿ ಕಟ್ಟಿದ ರಿಂಗಿನಲ್ಲಿ ತೋಳಿನ ಮಾಂಸ ಕಿತ್ತುಬಂದರೂ ಟೇಪ್ ಸುತ್ತಿಕೊಂಡು ಆಟ ಮುಗಿಸಿದ. ಅದನ್ನು ಶೌರ್ಯ ಅಂತ ನಾನು ಒಂದು ಕಾಲದಲ್ಲಿ ಹೇಳುತ್ತಿದ್ದೆ, ಈಗ ನಾಲಿಗೆ ಏಳುವುದಿಲ್ಲ. 1996ರ ನವೆಂಬರ್‌ನಲ್ಲಿ ಬಾಸ್ಟನ್ ಹತ್ತಿರ ಹದಿನೇಳರ ಹುಡುಗನೊಬ್ಬ ವಯಸ್ಸು ಸುಳ್ಳು ಹೇಳಿ ರಿಂಗಿಗೆ ಇಳಿದ. ಅವನ ಹಣೆಗೆ ಹಾಕಿದ ಗಾಯ ಆಳಕ್ಕೆ ಹೋಗಿ ಬುಗ್ಗೆಯಂತೆ ಚಿಮ್ಮಿತು. ವಿಷಯ ಕೋರ್ಟು ಮೆಟ್ಟಿಲೇರಿತು. ಹಣ ಕಟ್ಟಿ ಮನೆಯಲ್ಲಿ ನೋಡುವ ಪೇ-ಪರ್-ವ್ಯೂಗೆ ಸಿಗಲಿದ್ದ ಮೊದಲ ಅವಕಾಶವೇ ಕೈತಪ್ಪಿತು. ಅಭಿಮಾನಿಗಳು ಕಾಗದ ಬರೆದು, ಫೋನ್ ಮಾಡಿ, ಕೇಬಲ್‌ನವರ ತಲೆ ತಿಂದು ಅದನ್ನು ವಾಪಸ್ ತಂದರು.

1997ರ ಏಪ್ರಿಲ್ 13. ಅದೇ ಗೋದಾಮು. ಕೊನೆಯ ಕುಸ್ತಿಯಲ್ಲಿ ಐವತ್ತೆರಡು ವರ್ಷದ ಟೆರಿ ಫಂಕ್, ಮಂಡಿ ಸವೆದ ಮುದುಕ, ಪಟ್ಟ ಗೆದ್ದು ಜನರ ನಡುವೆ ಹೋಗಿ ನಿಂತ. ಪ್ರಸಾರ ಮುಗಿಯಿತು. ಮುಗಿದ ಬೆನ್ನಿಗೇ ಕರೆಂಟು ಹೋಗಿ ಇಡೀ ಕಟ್ಟಡ ಕತ್ತಲು! ಸ್ವಲ್ಪ ಮುಂಚೆ ಹೋಗಿದ್ದರೆ ಕಂಪನಿಯ ಕಥೆಯೇ ಅಲ್ಲಿಗೆ ಮುಗಿಯುತ್ತಿತ್ತು.

"ನಮ್ಮ ಕೆಇಬಿಯೋರು ಅಲ್ಲೂ ಇದ್ದರು ಅನ್ನು," ಎಂದರು ಮೇಷ್ಟ್ರು.

ತಮಾಷೆ ಎಂದರೆ, ಟೀವಿಯಲ್ಲಿ ಮೆಕ್‌ಮೆಹನ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಹೇಮನ್‌ಗೆ ಹಿಂಬಾಗಿಲಿನಿಂದ ದುಡ್ಡು ಬರುತ್ತಿದ್ದದ್ದು ಅದೇ ಮೆಕ್‌ಮೆಹನ್ ಕಡೆಯಿಂದ. ಇದು ಮುಂದೆ ಬಯಲಾಯಿತು. ಟರ್ನರ್‌ನ ಮೇಲೆ ಬಿಡಲು ಮೆಕ್‌ಮೆಹನ್‌ಗೆ ಒಂದು ಬೀದಿನಾಯಿ ಬೇಕಿತ್ತು, ಸಾಕಿದ. ಅದರಂತೆ ಬೊಗಳುವುದನ್ನೂ ತಾನು ಕಲಿತ. ತೊಂಬತ್ತರ ಕೊನೆಯಲ್ಲಿ ಅವನ ಟೀವಿಯಲ್ಲಿ ಬಿಯರ್, ಬೈಗುಳ, ಟೇಬಲ್, ಕುರ್ಚಿ ಎಲ್ಲ ಬಂತು. ನಮ್ಮ ಮನೆಗಳಿಗೆ ಕೇಬಲ್‌ನಲ್ಲಿ ಬಂದದ್ದು ಆ ನಕಲು. ಅಸಲಿನ ಹೆಸರೂ ನಮಗೆ ಗೊತ್ತಿರಲಿಲ್ಲ.

1999ರ ಆಗಸ್ಟ್‌ನಲ್ಲಿ ಇಸಿಡಬ್ಲ್ಯೂಗೆ ಟಿಎನ್‌ಎನ್ ಎಂಬ ರಾಷ್ಟ್ರೀಯ ಚಾನೆಲ್ ಸಿಕ್ಕಿತು. ಸಿಕ್ಕಿದ್ದೇ ಕುತ್ತಾಯಿತು. ಚಾನೆಲ್‌ನವರು ಪ್ರಚಾರಕ್ಕೆ ಕೈ ಬಿಚ್ಚಲಿಲ್ಲ, ಹೇಮನ್ ಸಿಟ್ಟಿಗೆದ್ದು ಆ ಚಾನೆಲ್ಲನ್ನೇ ಕಥೆಯ ಖಳನನ್ನಾಗಿ ಮಾಡಿ ಆ ಚಾನೆಲ್ಲಿನಲ್ಲೇ ತೋರಿಸಿದ. ಉಂಡ ಮನೆಯ ಜಂತೆ ಎಣಿಸುವುದು ಕೇಳಿದ್ದೆವು, ಇವನು ಎಣಿಸಿದ್ದನ್ನು ಮೈಕಿನಲ್ಲಿ ಓದಿದ. 2000ದಲ್ಲಿ ಟಿಎನ್‌ಎನ್ ಮೆಕ್‌ಮೆಹನ್‌ನ ಕಾರ್ಯಕ್ರಮವನ್ನೇ ತಂದುಕೊಂಡು ಇವನನ್ನು ಹೊರಗೆ ಹಾಕಿತು. ಕೊನೆಯ ಆಟ 2001ರ ಜನವರಿ 13ಕ್ಕೆ, ಆರ್ಕನ್ಸಾದ ಪೈನ್ ಬ್ಲಫ್ ಎಂಬ ಸಣ್ಣ ಊರಿನಲ್ಲಿ. ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ. ಅಷ್ಟರಲ್ಲಿ ಹೇಮನ್ ಮೆಕ್‌ಮೆಹನ್ ಟೀವಿಯಲ್ಲಿ ಕಾಮೆಂಟರಿ ಹೇಳುತ್ತ ಕೂತಿದ್ದ. ಟರ್ನರ್ ಕಂಪನಿಯನ್ನೂ ಮೆಕ್‌ಮೆಹನ್ ಮಾರ್ಚ್‌ನಲ್ಲೇ ಕೊಂಡಾಗಿತ್ತು.

"ಸಂಬಳ?"

"ಅದಕ್ಕೇ ಬಂದೆ. ಸಾಲ ಸುಮಾರು 89 ಲಕ್ಷ ಡಾಲರ್. ಹಣ ಬರಬೇಕಾದವರ ಪಟ್ಟಿಯಲ್ಲಿ ಕುಸ್ತಿಪಟುಗಳೇ ಸಾಲಾಗಿ ನಿಂತಿದ್ದರು. ರಾಬ್ ವ್ಯಾನ್ ಡ್ಯಾಮ್‌ಗೆ ಒಂದೂವರೆ ಲಕ್ಷ ಡಾಲರ್ ಬರಬೇಕಿತ್ತು. ಹತ್ತು ಏಟು ತಿಂದ ಹುಡುಗ ಡ್ರೀಮರ್‌ಗೆ ಒಂದು ಲಕ್ಷ."

"ಏಟೂ ತಿಂದ, ಸಂಬಳಾನೂ ಇಲ್ಲ," ಮೇಷ್ಟ್ರು ಲೊಚಗುಟ್ಟಿದರು. ಈ ಹೊತ್ತಿಗೆ ಅವರು ಕಾಯಿ ಎಣಿಸುವುದನ್ನು ಬಿಟ್ಟಿದ್ದರು.

2006ರಲ್ಲಿ ಮೆಕ್‌ಮೆಹನ್ ಆ ಹೆಸರನ್ನು ಅಟ್ಟದಿಂದ ಇಳಿಸಿ ಹೊಸ ಕಾರ್ಯಕ್ರಮ ಶುರುಮಾಡಿದ. ನಮಗೆ ಟೆನ್ ಸ್ಪೋರ್ಟ್ಸ್‌ನಲ್ಲಿ ಬರುತ್ತಿತ್ತಲ್ಲ, ಅದೇ. ಅದು ಅಲ್ಲಿ ಸೈ-ಫೈ ಚಾನೆಲ್‌ಗೆ ಹೋದದ್ದರಿಂದ, ಭೂತ ಪ್ರೇತವೂ ಇರಲಿ ಅಂತ ಮೊದಲ ದಿನವೇ ರಿಂಗಿಗೆ ಒಂದು ಜೋಂಬಿ ಬಂತು. ಗೊರಗೊರ ಅನ್ನುತ್ತ ತೂರಾಡಿಕೊಂಡು ಬಂದ ಆ ಹೆಣವನ್ನು ಹಳೇ ಸ್ಯಾಂಡ್‌ಮನ್ ಬಂದು ಅದೇ ಬೆತ್ತದಲ್ಲಿ ಬಾರಿಸಿ ಮಲಗಿಸಿದ. ನಾನು ಸೋಫಾ ಮೇಲೆ ಬಿದ್ದು ಬಿದ್ದು ನಕ್ಕೆ, ನಕ್ಕು ಮುಗಿದ ಮೇಲೆ ಯಾಕೋ ಸಪ್ಪಗಾಯಿತು. ಆ ಡಿಸೆಂಬರ್‌ನಲ್ಲಿ ಹೇಮನ್‌ನನ್ನೂ ಮನೆಗೆ ಕಳಿಸಿದರು. 2010ಕ್ಕೆ ಅದೂ ಬಂದ್. ಹೇಮನ್‌ನನ್ನು ಮತ್ತೆ ಕರೆದರು ಅನ್ನಿ. 2024ರಲ್ಲಿ ಅವನಿಗೆ ಡಬ್ಲ್ಯೂಡಬ್ಲ್ಯೂಇ (ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು) ಹಾಲ್ ಆಫ್ ಫೇಮ್ ಗೌರವ. ಕೊಟ್ಟ ಊರು ಫಿಲಡೆಲ್ಫಿಯಾ. ಆ ಸಮಾರಂಭ ನಡೆದ ಕ್ರೀಡಾಂಗಣ ಇರುವುದೂ ನಗರದ ದಕ್ಷಿಣದಲ್ಲೇ, ಹಳೆಯ ಗೋದಾಮಿಗೆ ಅಷ್ಟೇನೂ ದೂರವಲ್ಲ. ಗೋದಾಮನ್ನು ರಿಪೇರಿ ಮಾಡಿ ಹೆಸರು ಬದಲಿಸಿದ್ದಾರೆ, ಸಣ್ಣ ಪುಟ್ಟ ಕಂಪನಿಗಳು ಅಲ್ಲಿ ಈಗಲೂ ಕುಸ್ತಿ ಆಡಿಸುತ್ತವೆ.

ಒಳಗಿನಿಂದ ಕುಕ್ಕರ್ ಕೂಗಿತು. ಕಥೆ ನಿಲ್ಲಿಸಿ ಟೀಪಾಯಿಯ ಹಲಗೆ ಎತ್ತಿಕೊಂಡೆ. ಮೇಷ್ಟ್ರು ಹೊರಟವರು ಎರಡು ಹೆಜ್ಜೆ ಇಟ್ಟು ತಿರುಗಿದರು.

"ಆ ಮುದುಕ, ಮಂಡಿ ಹೋಗಿದ್ದೋನು, ಆಮೇಲೆ ಏನಾದ?"

"ಫಂಕಾ? ಪಟ್ಟ ಗೆದ್ದ ವರ್ಷವೇ ಸೆಪ್ಟೆಂಬರ್‌ನಲ್ಲಿ ತನ್ನೂರು ಅಮರಿಲೊದಲ್ಲಿ ಅದ್ದೂರಿಯಾಗಿ ನಿವೃತ್ತಿ ಕುಸ್ತಿ ಆಡಿದ. ಮತ್ತೆ ಬಂದ. ಮತ್ತೆ ನಿವೃತ್ತಿ. ಮತ್ತೆ ಬಂದ. ಎಪ್ಪತ್ತು ದಾಟಿದ ಮೇಲೂ ಆಡಿದ. 2023ರಲ್ಲಿ ತೀರಿಕೊಂಡ."

ಮೇಷ್ಟ್ರು ಬೇಲಿಗೆ ಕೈ ಊರಿ ಒಂದು ಗಳಿಗೆ ನಿಂತರು. ಅವರು ರಿಟೈರ್ ಆಗಿ ಹನ್ನೊಂದು ವರ್ಷ. ಈಗಲೂ ಸಂಜೆ ಐದಕ್ಕೆ ಅವರ ಜಗಲಿ ಮೇಲೆ ಎಂಟು ಹುಡುಗರು ಮಗ್ಗಿ ಹೇಳುತ್ತಾರೆ, ಫೀಸಿಲ್ಲ.

"ನಿಮ್ಮ ಹುಡುಗನ್ನೂ ಸಂಜೆ ಕಳಿಸು," ಎಂದರು. "ಟೇಬಲ್ ಮುರಿಯೋದು ಕಲ್ತಿದಾನೆ, ಟೇಬಲ್ ಹೇಳೋದೂ ಕಲೀಲಿ." ಹೋಗುವಾಗ ಅವರ ಕಡೆಯ ಕೊಂಬೆಯಿಂದ ನಾಲ್ಕು ನುಗ್ಗೆಕಾಯಿ ಕಿತ್ತುಕೊಂಡು ಹೋದರು.