ಸಂಧಿ, ಸೀಟಿ ಮತ್ತು ವಾಟರ್‌ಮಾರ್ಕ್

ಗಣಕದ ಪರದೆಯ ಮೇಲಿನ ಚಟುವಟಿಕೆಯನ್ನೆಲ್ಲ ವಿಡಿಯೋ ಆಗಿ ಹಿಡಿದಿಡುವ ಸ್ಕ್ರೀನ್ ರೆಕಾರ್ಡಿಂಗ್ ತಂತ್ರಾಂಶವು ಕಣ್ಣಿನ ವಿಷಯದಲ್ಲಿ ಎಷ್ಟು ವಿಧೇಯವೋ ಕಿವಿಯ ವಿಷಯದಲ್ಲಿ ಅಷ್ಟೇ ಮೊಂಡು. ಅದಕ್ಕೆ ಧ್ವನಿ ಬರುವ ದಾರಿಗಳು ಎರಡು, ಗಣಕದೊಳಗಿನ ಸದ್ದು ಮತ್ತು ಮೈಕಿಗೆ ಬೀಳುವ ಸದ್ದು. ಎರಡನ್ನೂ ತೆರೆದಿಟ್ಟು, ಹೆಡ್‌ಫೋನ್ ಬಿಟ್ಟು ಸ್ಪೀಕರ್ ಹಚ್ಚಿದರೆ, ಗಣಕದ ಸದ್ದು ಎರಡೆರಡು ಬಾರಿ ದಾಖಲಾಗಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಚೆನ್ನೈನ ಉತ್ತರಭಾಗದ ಮಾಧವರಂನಲ್ಲಿ, ಲಾರಿಗಳು ಸಾಗುವ ಜಿಎನ್‌ಟಿ ರಸ್ತೆಯ ಬದಿಯಲ್ಲಿ ಕುಳಿತು ಕನ್ನಡ ವ್ಯಾಕರಣದ ಪಾಠ ರೆಕಾರ್ಡ್ ಮಾಡುವವರಿಗೆ ಬೀದಿಯೂ ಅಡುಗೆಮನೆಯೂ ಸಹಾಯಕ್ಕೆ ಬರುತ್ತವೆ: ಹಾರ್ನ್ ಮಾತನ್ನು ನುಂಗಿ ಲೋಪಸಂಧಿಯನ್ನೂ, ಕುಕ್ಕರು ನಡುವೆ ನುಗ್ಗಿ ಆಗಮಸಂಧಿಯನ್ನೂ ಸೋದಾಹರಣವಾಗಿ ತೋರಿಸುತ್ತವೆ. ಒಬಿಎಸ್ ಸ್ಟುಡಿಯೋ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿರುವ ನಾಯ್ಸ್ ಗೇಟ್, ಅಂದರೆ ನಿಗದಿತ ಮಟ್ಟಕ್ಕಿಂತ ಮೆಲ್ಲಗಿನ ಸದ್ದಿಗೆ ಬಾಗಿಲು ಮುಚ್ಚುವ ಏರ್ಪಾಡು, ಪಾಠ ನಿಂತಾಗಿನ ಫ್ಯಾನಿನ ಗುಂಯ್‌ಗುಟ್ಟುವಿಕೆಯನ್ನು ತಡೆಯುತ್ತದೆ. ಗುರುಗಳಿಗಿಂತ ಗಟ್ಟಿಯಾಗಿ ಕೂಗುವ ಕುಕ್ಕರಿಗೆ ಮಾತ್ರ ಗೌರವದಿಂದ ಬಾಗಿಲು ತೆರೆಯುತ್ತದೆ.

ವಾಟರ್‌ಮಾರ್ಕಿನ ಕಥೆ ಬೇರೆ. 13ನೆಯ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೋದ ಕಾಗದ ತಯಾರಕರು ಬಳಸಿದ ಈ ಗುರುತು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಂಕೋಚದ್ದಾಗಿತ್ತು. ಬ್ಯಾಂಡಿಕ್ಯಾಮ್ ಎಂಬ ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಅದು ವಿಡಿಯೋದ ನೆತ್ತಿಯ ಮೇಲೆಯೇ ಕೂರುತ್ತದೆ, ಮತ್ತು ಸೆಟ್ಟಿಂಗನ್ನು ಎಷ್ಟು ಕೆದಕಿದರೂ ಜಗ್ಗದ ಅದು ಹಣ ಕೊಟ್ಟೊಡನೆ ಮರ್ಯಾದೆಯಾಗಿ ಎದ್ದುಹೋಗುತ್ತದೆ. ಒಬಿಎಸ್ ಉಚಿತವಾಗಿದ್ದೂ ಯಾವ ಮುದ್ರೆಯನ್ನೂ ಒತ್ತುವುದಿಲ್ಲವಾದ್ದರಿಂದ, ಬೇಕಾದವರು ತಮ್ಮ ಹೆಸರಿನ ಚಿತ್ರವನ್ನು ತಾವೇ ಸೇರಿಸಿ ಮೂಲೆಗೆ ಎಳೆದಿಡಬೇಕು. ಪರರ ಮುದ್ರೆಯನ್ನು ಅಷ್ಟು ಬೈದವರು ಈ ಸ್ವಾತಂತ್ರ್ಯ ಸಿಕ್ಕೊಡನೆ ಹೆಸರು, ಪದವಿ, ಫೋನ್ ನಂಬರುಗಳನ್ನೆಲ್ಲ ಸೇರಿಸಿ, ಸಂಧಿಯ ಉದಾಹರಣೆಗಳಿಗೆ ಪರದೆಯಲ್ಲಿ ಜಾಗವೇ ಉಳಿಯದಂತೆ ಮಾಡುವುದುಂಟು.