ಒಗ್ಗರಣೆಯ ಮೇಲೊಂದು ಕೌದಿ

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಈಗ ಅಡುಗೆಮನೆ ಗೋಡೆಗೂ ಸಂಸ್ಕೃತಿ ಬೇಕಾಗಿದೆ. ಗ್ರಾನೈಟ್ ಕಟ್ಟೆ, ವಿದೇಶಿ ಟೈಲ್ಸು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು ಎಲ್ಲ ಆದಮೇಲೆ ಇಂಟೀರಿಯರ್ ಡಿಸೈನರ್ ಕಣ್ಣು ಕಿರಿದು ಮಾಡಿ ನೋಡುತ್ತಾರೆ. "ಎಲ್ಲ ಇದೆ, ಆದರೆ ಜಾಗಕ್ಕೆ ಜೀವವೇ ಇಲ್ಲ" ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಗಾಬರಿಯಾಗಿ ಜೀವ ಹುಡುಕಿಕೊಂಡು ಹೊರಡುತ್ತಾರೆ. ಅದು ಸಿಗುವುದು ಸೆಕೆಂಡ್ ಹ್ಯಾಂಡ್ ಮಾಲಿನ ಅಂಗಡಿಯಲ್ಲಿ, 'ವಿಂಟೇಜ್, ಕೈಹೊಲಿಗೆ' ಎಂಬ ಚೀಟಿಯ ಕೆಳಗೆ.

ಈ ಜೀವವನ್ನು ಮನೆಯಿಂದ ಓಡಿಸಿದವರೂ ನಾವೇ ಅನ್ನಿ. 'ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ' ಎಂದು ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗಿಕೊಂಡು ಬಂದವಳಿಗೆ ಅಜ್ಜಿಯ ಇಳಕಲ್ ಸೀರೆ ಕೊಟ್ಟು ಒಂದು ಡಬರಿ ತಗೊಂಡೆವು. ಡಬರಿಗೆ ಮುಚ್ಚಳ ಬೇಕೆಂದು ಅರ್ಧ ಗಂಟೆ ಜಗಳವಾಡಿ ಇನ್ನೊಂದು ಸೀರೆ ಸೇರಿಸಿದೆವು. ಜರಿ ಇದ್ದದ್ದು ಬೆಳ್ಳಿ ಕರಗಿಸುವವನ ಪಾಲಾಯಿತು. ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನಲ್ಲಿ ಎದುರುಬದುರು ಕೂತ ಎರಡು ಗಿಳಿ, ನಡುವೆ 'ಸುಸ್ವಾಗತ' ಎಂದು ಚಿಕ್ಕಮ್ಮ ಮದುವೆಗೆ ಮುಂಚೆ ಹಾಕಿದ್ದಳಲ್ಲ, ಅದು ಬಂದವರೆದುರು ನಾಚಿಕೆಗೇಡು ಎಂದು ಅಟ್ಟ ಸೇರಿತು. ಈಗ ಯಾರದೋ ಚಿಕ್ಕಮ್ಮನ ಗಿಳಿಗಳನ್ನು ದುಡ್ಡು ಕೊಟ್ಟು ತಂದು ಮಿಕ್ಸಿಯ ಮೇಲೆ ನೇತುಹಾಕಿದ್ದೇವೆ.

ಪರಿಚಿತರ ಅಡುಗೆಮನೆಯೊಂದರಲ್ಲಿ ಚಿಮಣಿಗೂ ಫ್ರಿಜ್ಜಿಗೂ ನಡುವಿನ ಗೋಡೆಗೆ ಅಳತೆ ತೆಗೆದು ಹೊಲಿದಂತೆ ಪುಟ್ಟ ಕೌದಿಯೊಂದು ಕೂತಿದೆ. ಮಾಸಿದ ಕೆಂಪು, ಲಂಗದ ಹೂವಿನ ಚೂರು, ಯಾರದೋ ಪಟ್ಟಾಪಟ್ಟಿ ಅಂಗಿಯ ತುಂಡು, ಒಂದೊಂದು ತೇಪೆಯ ಸುತ್ತಲೂ ಬಿಳಿ ದಾರದ ಸಾಲುಹೊಲಿಗೆ. ಮಧ್ಯದಲ್ಲಿ ಹಳದಿ ಛಾಯೆಯ ಅಸ್ಪಷ್ಟ ವೃತ್ತ. "ಕಾಲ ಮೂಡಿಸಿದ ಬಣ್ಣ, ಈಗ ಯಾರು ಮಾಡ್ತಾರೆ ಹೇಳಿ" ಎಂದು ಮನೆಯೊಡತಿ ಬೆರಳಾಡಿಸಿ ತೋರಿಸಿದರು. ಅಡುಗೆಗೆ ಬರುವ ಹೆಂಗಸು ರಾಯಚೂರು ಕಡೆಯವಳು. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿ, "ಅಕ್ಕಾರ, ಅದು ತೊಟ್ಟಲ ಕೌದಿ. ಕೂಸು ಉಚ್ಚಿ ಹೊಯ್ದದ್ದು ಹೋಗಂಗಿಲ್ರಿ, ಎಷ್ಟ್ ಒಗದರೂ" ಅಂದಳು. ಮನೆಯೊಡತಿ ನಕ್ಕರು. ಕೌದಿ ಮಾತ್ರ ಇನ್ನೂ ಅಲ್ಲೇ ಇದೆ. ಅದರ ಕೆಳಗೆ ದಿನಾ ಸಾಸಿವೆ ಸಿಡಿಯುತ್ತದೆ, ಒಣಮೆಣಸಿನ ಘಾಟು ಏರುತ್ತದೆ. ಚಿಮಣಿ ಎಷ್ಟೇ ಗರ್ಜಿಸಿದರೂ ಎಣ್ಣೆ ಜಿಡ್ಡು ಬಟ್ಟೆಯನ್ನು ಹುಡುಕಿಕೊಂಡೇ ಹೋಗುತ್ತದೆ. ಇನ್ನೊಂದು ವರ್ಷಕ್ಕೆ ಅದಕ್ಕೂ ಮಸಿಬಟ್ಟೆಗೂ ವ್ಯತ್ಯಾಸ ಬೆಲೆಯಲ್ಲಿ ಮಾತ್ರ.

ಜಿಡ್ಡಿನ ಭಯ ಇದ್ದವರು ಫ್ರೇಮು ಹಾಕಿಸುತ್ತಾರೆ, ಅದು ಇನ್ನೂ ಚೆಂದ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಕೌದಿಯ ಮೂಲೆ ಮೂಲೆಗೂ ಬಟ್ಟೆ ಮಡಚಿ ತ್ರಿಕೋನದ 'ಫೂಲ' ಕೂರಿಸದೆ ಕೆಲಸ ಮುಗಿಯಿತು ಅನ್ನುವುದಿಲ್ಲ. ಫೂಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಫ್ರೇಮಿನ ಮರದಂಚಿನ ಅಡಿ ಮೊದಲು ಮುಚ್ಚಿಹೋಗುವುದು ಆ ಮೂಲೆಗಳೇ. ಧಾರವಾಡ ಕಡೆಯ ಕಸೂತಿಯ ಗತಿಯೂ ಇಷ್ಟೇ. ಗವಂತಿ, ಮುರಗಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಎಳೆ ಎಣಿಸಿ ಎಣಿಸಿ ಗೋಪುರ, ತುಳಸಿಕಟ್ಟೆ, ತೇರು ಎಬ್ಬಿಸಿದ ಆ ಸೀರೆಯನ್ನು ಕತ್ತರಿಸಿ, ಬೆನ್ನಿಗೆ ಪ್ಲೈವುಡ್ ಬಡಿದು ಗಾಜಿನೊಳಗೆ ಹಾಕಿದರೆ ಅರ್ಧ ಕಸುಬು ಗೋಡೆಗೆ ಮುಖ ಮಾಡಿ ನಿಂತಂತೆ. ಅಂದಹಾಗೆ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2006ರಲ್ಲಿ. ಹೆಸರಿಗೆ ರಕ್ಷಣೆ ಸಿಕ್ಕಿತು, ಕತ್ತರಿಗೆ ಯಾವ ಕಾನೂನೂ ತಡೆಯಿಲ್ಲ.

ಹಳೆಯದರ ಮೇಲೆ ಇಷ್ಟು ಮೋಹ ಯಾಕೆಂದರೆ ಹಳೆಯದು ಕೂಲಿ ಕೇಳುವುದಿಲ್ಲ. ಸಂತೆಯಲ್ಲೋ ಮೇಳದಲ್ಲೋ ಹೊಸ ಕೌದಿ ಹರವಿಕೊಂಡು ಕೂತವಳ ಮುಂದೆ ನಾವು ಕುಕ್ಕರಗಾಲಲ್ಲಿ ಕೂತು ಚೌಕಾಸಿ ಮಾಡುತ್ತೇವೆ: "ಹಳೇ ಬಟ್ಟೆ ತಾನೇ, ಇಷ್ಟೊಂದಾ?" ಅದೇ ಮಾಲು ಹೊಲಿದವಳ ಹೆಸರು ಕಳೆದುಕೊಂಡು, ಎರಡು ತೂತು ಬಿದ್ದು, ಹವಾನಿಯಂತ್ರಿತ ಅಂಗಡಿಗೆ ಬಂದರೆ ತುಟಿಪಿಟಕ್ಕೆನ್ನದೆ ಕಾರ್ಡು ಉಜ್ಜುತ್ತೇವೆ. ಇದನ್ನು ಬಲ್ಲ ವ್ಯಾಪಾರಿ ಹೊಸ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಒಂದೇ ಮಧ್ಯಾಹ್ನದಲ್ಲಿ ಅಜ್ಜಿ ಕಾಲದ್ದು ಮಾಡುತ್ತಾನೆ. ಗಿರಾಕಿಗೆ ಬೇಕಾದದ್ದು ಅವನು ಕೊಟ್ಟ, ತಪ್ಪೇನಿದೆ?

ಕೌದಿ ಹೊಲಿಯುವವರು ಇನ್ನೂ ಇದ್ದಾರೆ. ಬೀರುವಿನಲ್ಲಿ ಉಡದೆ ಬಿದ್ದ ಕಾಟನ್ ಸೀರೆ ನಿಮ್ಮಲ್ಲೂ ನಾಲ್ಕೈದು ಇರುತ್ತವೆ. ಹಳಿಯಾಳದ ಕಡೆಯೋ ರಾಯಚೂರಿನ ಕಡೆಯೋ ಹೊಲಿಯುವವರಿಗೆ ಕೊಟ್ಟು ಕಳಿಸಿ. ಕೂಲಿ ಎಷ್ಟೆಂದು ಅವರೇ ಹೇಳಲಿ, ಅಂಗಡಿಯವನಿಗೆ ಕೊಟ್ಟ ಹಾಗೆ ಮರುಮಾತಿಲ್ಲದೆ ಕೊಡಿ. ಚಳಿಗಾಲಕ್ಕೆ ಬೇಕಿದ್ದರೆ ಈಗಲೇ ಹೇಳಿಟ್ಟಿರಿ. ಕೈಹೊಲಿಗೆ, ನಿಂತ ಕಾಲಲ್ಲಿ ಆಗುವ ಕೆಲಸವಲ್ಲ.