ರಾತ್ರಿ ಎರಡು ಗಂಟೆಯ ನೌಕರ

ಪುಣೆಯ ಐಟಿ ಕಂಪನಿಗಳಲ್ಲಿ ಬಡ್ತಿ ಕೇಳದ, ರಜೆ ಹಾಕದ, ಹಿಂಜವಡಿಯ ಟ್ರಾಫಿಕ್ಕಿನ ಬಗ್ಗೆ ಒಂದು ಮಾತೂ ಗೊಣಗದ ನೌಕರನೊಬ್ಬನಿದ್ದಾನೆ. ಊರೆಲ್ಲ ಮಲಗಿದ ಮೇಲೆ, ರಾತ್ರಿ ಎರಡಕ್ಕೆ, ಅವನ ಪಾಳಿ. ಡೇಟಾಬೇಸನ್ನೆಲ್ಲ ನಕಲು ಮಾಡಿ ಬೇರೊಂದು ಡಿಸ್ಕಿನಲ್ಲಿಡುತ್ತಾನೆ, ಲಾಗಿನಲ್ಲಿ ಒಂದು ಸಾಲು ಬರೆಯುತ್ತಾನೆ, ಸುಮ್ಮನಾಗುತ್ತಾನೆ. ಬ್ಯಾಕಪ್ ಯೂಸರ್ ಎಂದು ಅವನ ಹೆಸರು. ಮನುಷ್ಯನಲ್ಲ, ಬರೀ ಅಕೌಂಟು: ಒಂದು ಪಾಸ್‌ವರ್ಡು, ಒಂದಿಷ್ಟು ಪರ್ಮಿಶನ್ನು.

ಆ ಒಂದಿಷ್ಟು ಎಂದರೆ ಎಷ್ಟು ಎನ್ನುವುದೇ ತಕರಾರು. ಬ್ಯಾಕಪ್ ಓಡದಿದ್ದಾಗ ನಮ್ಮ ಕಸುಬಿನಲ್ಲಿ ಹೇಳುವ ಮಾತು ಒಂದೇ: “ಸದ್ಯಕ್ಕೆ ಅಡ್ಮಿನ್ ಕೊಟ್ಟುಬಿಡಪ್ಪಾ, ಆಮೇಲೆ ತೆಗೆದರಾಯ್ತು.” ಆ ‘ಆಮೇಲೆ’ ಬಂದದ್ದನ್ನು ನಾನಂತೂ ಕಂಡಿಲ್ಲ. ಊರಿಗೆ ಹೋಗುವಾಗ ತುಳಸಿಗೆ ನೀರು ಹಾಕಲಿ ಎಂದು ಪಕ್ಕದ ಮನೆಯ ಕಾಕೂ ಕೈಗೆ ಗೇಟಿನ ಕೀಲಿ ಕೊಡುತ್ತೇವೆ. ಗೊಂಚಲಿನಿಂದ ಒಂದನ್ನು ಬಿಚ್ಚುವ ಬೇಸರಕ್ಕೆ ತಿಜೋರಿಯ ಕೀಲಿಯನ್ನೂ ಕೊಡುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಇಷ್ಟು ಬುದ್ಧಿಯೂ ಹೊಳೆಯುವುದಿಲ್ಲ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಬ್ಯಾಕಪ್ ಆಪರೇಟರ್ ಎಂಬ ರೋಲ್ ಇದೆ. ಅದನ್ನಷ್ಟೇ ಪಡೆದವನು ನಕಲು ತೆಗೆಯಬಲ್ಲ. ಟೇಬಲ್ ತೆರೆದು ಒಂದು ಸಾಲನ್ನೂ ಓದಲಾರ. ಎಷ್ಟು ಚೆಂದ! ಆದರೆ ಅವನು ತೆಗೆದಿಟ್ಟ ಕಡತವನ್ನು ಯಾರಾದರೂ ಪೆನ್‌ಡ್ರೈವಿನಲ್ಲಿ ಒಯ್ದು ತಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿಕೊಂಡರೆ ಸಂಬಳ, ಸಾಲ, ಗ್ರಾಹಕರ ಮೊಬೈಲ್ ನಂಬರು ಎಲ್ಲವೂ ಬಟಾಬಯಲು. ಅದಕ್ಕೇ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡಬೇಕು. 2014ರ ಆವೃತ್ತಿಯಿಂದ ಆ ಸೌಲಭ್ಯ ಎಸ್‌ಕ್ಯೂಎಲ್ ಸರ್ವರಿನಲ್ಲೇ ಇದೆ. ಮಾಡಿದಿರಿ ಎನ್ನಿ. ಈಗ ಆ ಗುಪ್ತಲಿಪಿಯ ಸರ್ಟಿಫಿಕೇಟಿಗೊಂದು ಬ್ಯಾಕಪ್ ಬೇಕು. ಅದಕ್ಕೊಂದು ಪಾಸ್‌ವರ್ಡ್ ಬೇಕು. ಆ ಪಾಸ್‌ವರ್ಡನ್ನು ಎಲ್ಲಿ ಬರೆದಿಡುವುದು?

ಕಾಪಿಡುವವರು ಯಾರು, ಓದುವವರು ಯಾರು ಎಂಬ ಈ ಪೇಚು ಪುಣೆಗೆ ಹೊಸದಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಅವರ ದಫ್ತರವೆಲ್ಲ ಇಂಗ್ಲಿಷರ ಕೈಸೇರಿತು. ಬಟ್ಟೆಯ ಗಂಟುಗಳಲ್ಲಿ ಕಟ್ಟಿಟ್ಟ ಲಕ್ಷಾಂತರ ಕಾಗದ. ಇನಾಮು ಜಮೀನಿನ ಹಕ್ಕು ಕೆದಕಲು ಸರ್ಕಾರ ಅದನ್ನು ಧಾರಾಳವಾಗಿ ಓದಿಸಿತು; ಇತಿಹಾಸಕಾರರು ಬಂದು ಕೇಳಿದರೆ ಮುಖ ಸಿಂಡರಿಸಿತು. ಕೊನೆಗೆ ಗೋ.ಸ. ಸರದೇಸಾಯಿಯವರಿಗೆ ಅನುಮತಿ ಸಿಕ್ಕಿ, 1930ರ ದಶಕದಲ್ಲಿ ಆಯ್ದ ಕಾಗದಗಳ 45 ಸಂಪುಟಗಳು ಹೊರಬಂದವು. ಅಷ್ಟು ವರ್ಷ ಗಂಟು ಬಿಚ್ಚಿ ಧೂಳು ಝಾಡಿಸಿ ಮತ್ತೆ ಕಟ್ಟುತ್ತಿದ್ದ ಕಾರಕೂನರಿಗೆ ಯಾರ ಅನುಮತಿ ಬೇಕಿತ್ತು? ಬ್ಯಾಕಪ್ ಆಪರೇಟರರ ಮೂಲಪುರುಷರು ಅವರೇ ಎಂದು ನನ್ನ ಗುಮಾನಿ. ಇನ್ನೊಂದು ತಮಾಷೆ: ಆ ಕಾಗದಗಳಲ್ಲಿ ಹೆಚ್ಚಿನವು ಮೋಡಿ ಲಿಪಿಯವು. ಬೆಳಗಾವಿ, ಧಾರವಾಡದ ಕಡೆ ಅಜ್ಜನ ಟ್ರಂಕಿನಲ್ಲಿ ಮೋಡಿ ಕಾಗದ ಕಂಡವರಿಗೆ ಅದರ ಗತಿ ಗೊತ್ತು. ಹೊಲ ನಮ್ಮದೇ, ಕಾಗದ ನಮ್ಮದೇ, ಓದುವವರಿಲ್ಲ. ಕೀಲಿ ಕಳೆದ ಎನ್‌ಕ್ರಿಪ್ಟೆಡ್ ಬ್ಯಾಕಪ್ ಎಂದರೆ ಇದಕ್ಕಿಂತ ಬೇರೇನು?

ಪಾಸ್‌ವರ್ಡಿನ ಮಾತಿಗೆ ಬಂದರೆ, ಪೋಸ್ಟ್‌ಗ್ರೆಸ್ ನನಗೆ ಅಚ್ಚ ಪುಣೇಕರನಂತೆ ಕಾಣುತ್ತದೆ. ಲಿನಕ್ಸಿನಲ್ಲಿ ಅದರ ಪಾಸ್‌ವರ್ಡ್ ಫೈಲು ಮಾಲೀಕನ ಹೊರತು ಬೇರೆಯವರಿಗೂ ಓದಲು ಸಿಗುವಂತಿದ್ದರೆ ಅದು ಆ ಫೈಲನ್ನೇ ಮುಟ್ಟುವುದಿಲ್ಲ. ಒಂದು ಎಚ್ಚರಿಕೆಯ ಸಾಲು ಎಸೆದು ಮುಂದೆ ಹೋಗುತ್ತದೆ. ಸದಾಶಿವ ಪೇಠೆಯ ಗೇಟುಗಳ ಮೇಲಿನ ಚುಚ್ಚುಮಾತಿನ ಪಾಟಿಗಳನ್ನು ಓದಿದವರಿಗೆ ಈ ಧಾಟಿ ಚೆನ್ನಾಗಿ ಪರಿಚಯ.

ನಾನು ಕಂಡ ಒಂದು ಆಫೀಸಿನಲ್ಲಿ ರಾತ್ರಿಯ ಕೆಲಸವೆಲ್ಲ ಒಬ್ಬ ಹುಡುಗನ ಸ್ವಂತ ಅಕೌಂಟಿನ ಹೆಸರಲ್ಲೇ ಓಡುತ್ತಿತ್ತು. ಅವನಿಗೆ ಬೆಂಗಳೂರಿನಲ್ಲಿ ಒಳ್ಳೆ ಸಂಬಳ ಸಿಕ್ಕಿತು. ಬೀಳ್ಕೊಡುಗೆಗೆ ಬಾಕರವಡಿ ಬಂತು, ಭಾಷಣ ಆಯ್ತು. ಎಚ್‌ಆರ್‌ನವರು ಸಂಜೆಯೇ ಅಕೌಂಟ್ ಮುಚ್ಚಿದರು. ಅವರ ಕರ್ತವ್ಯನಿಷ್ಠೆಯಲ್ಲಿ ತಪ್ಪು ಹುಡುಕುವಂತಿಲ್ಲ. ಅಂದು ರಾತ್ರಿಯಿಂದ ಬ್ಯಾಕಪ್ ನಿಂತಿತು. “ಬ್ಯಾಕಪ್ ಆಗಿಲ್ಲ” ಎಂಬ ಮೇಲ್ ತಪ್ಪದೇ ಹೋಗುತ್ತಿತ್ತು, ಅದೇ ಹುಡುಗನ ಮುಚ್ಚಿದ ಮೇಲ್‌ಬಾಕ್ಸಿಗೆ. ವಿಷಯ ಬಯಲಾದ ಮೇಲೆ ಮ್ಯಾನೇಜರು ಫೋನು ಹಚ್ಚಿದರೆ ಹುಡುಗ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದ. “ಸರ್, ನಾನು ಬಿಟ್ಟು ಬಹಳ ದಿನ ಆತಲ್ರೀ,” ಎಂದನಂತೆ. ಮಾತಿನಲ್ಲಿ ಸಂಕೋಚಕ್ಕಿಂತ ಹೆಮ್ಮೆಯೇ ಹೆಚ್ಚಿತ್ತೆಂದು ಕೇಳಿದವರ ಅಂಬೋಣ.

ಇದಕ್ಕೆ ಮದ್ದು ಹಳೆಯದು. ವಿಂಡೋಸ್ ಸರ್ವರಿನ 2012ರ ಆವೃತ್ತಿಯಿಂದ ಒಂದು ಬಗೆಯ ಸರ್ವಿಸ್ ಅಕೌಂಟಿದೆ. ಅದರ ಪಾಸ್‌ವರ್ಡು 30 ದಿನಕ್ಕೊಮ್ಮೆ ತಾನಾಗಿಯೇ ಬದಲಾಗುತ್ತದೆ. ಏನೆಂದು ಯಾರೂ ನೆನಪಿಡಬೇಕಿಲ್ಲ, ಆದ್ದರಿಂದ ಅಮೃತತುಲ್ಯ ಚಹಾದಂಗಡಿಯ ಮುಂದೆ ಯಾರೂ ಬಾಯಿಬಿಡುವ ಭಯವಿಲ್ಲ. ಅದು ಬೆಂಗಳೂರಿಗೂ ಹೋಗುವುದಿಲ್ಲ.

ಆದರೂ ಒಂದೇ ಕೀಲಿಗೆ ಎಲ್ಲ ಬೀಗ ತೆರೆದರೆ ಕಷ್ಟ. 2014ರಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡ್ ಅಕೌಂಟಿಗೆ ನುಗ್ಗಿದವರು ಡೇಟಾವನ್ನೂ ಅದರ ಬ್ಯಾಕಪ್ಪುಗಳನ್ನೂ ಅಳಿಸಿದರು. ಕಂಪನಿ ಬಾಗಿಲು ಹಾಕಿತು. ನಕಲು ಬರೆಯುವ ಕೈಗೆ ಹಳೆಯ ನಕಲು ಅಳಿಸುವ ಅಧಿಕಾರ ಇರಬಾರದು, ನಕಲು ಅಸಲಿನ ಮನೆಯಲ್ಲೇ ಇರಬಾರದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನದಿ ಪುಣೆಯ ಪೇಠೆಗಳಿಗೆ ನುಗ್ಗಿದಾಗ ಅಸಲು ಕಾಗದವನ್ನೂ ಅದರ ನಕಲನ್ನೂ ಒಂದೇ ಕಪಾಟಿನಲ್ಲಿಟ್ಟವರಿಗೆ ಎರಡೂ ಉಳಿಯುವಂತಿರಲಿಲ್ಲ.

ನಾಳೆ ಆಫೀಸಿಗೆ ಹೋದಾಗ ನಿಮ್ಮ ರಾತ್ರಿಯ ಬ್ಯಾಕಪ್ ಯಾರ ಹೆಸರಲ್ಲಿ ಓಡುತ್ತಿದೆ ಎಂದು ಒಮ್ಮೆ ನೋಡಿ. ಆ ಮಹಾಶಯರು ಇನ್ನೂ ನಿಮ್ಮಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಹಾಗೇ ಒಂದು ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ, ಊಟದ ನಂತರ ಅಲ್ಲ, ಮೊದಲೇ.